ಷರಾ ಬರೆಯದ ಮೂವತ್ತೊಂದು ದಿನ

ಫೆಬ್ರವರಿ 3, ಸೋಮವಾರ

ಹೊಸ ಕೆಲಸದ ಮೊದಲ ದಿನ. ಹದಿನೈದು ವರ್ಷ ಜನರಿಗೆ ಫೋನ್ ಮಾಡಿ ಯಾವ ಸೋಪು ಹಾಕ್ತೀರಿ, ಯಾಕೆ ಹಾಕ್ತೀರಿ ಅಂತ ಪ್ರಾಣ ತಿಂದವಳು ಇವತ್ತಿನಿಂದ ತಲೆ ಎಷ್ಟು ನೋಯ್ತಿದೆ ಅಂತ ಕೇಳುತ್ತೇನೆ. ಇದು ಬಡ್ತಿಯೋ ಹಿಂಬಡ್ತಿಯೋ ಗೊತ್ತಿಲ್ಲ.

ಆಸ್ಪತ್ರೆಯ ಮೂರನೇ ಮಹಡಿ, ಕಿಟಕಿ ಇಲ್ಲದ ಕೋಣೆ, ಎರಡು ಮೇಜು, ಎರಡು ಫೋನು. ದೊಡ್ಡ ಡಾಕ್ಟರು ಬಂದು ವಿವರಿಸಿದರು. ವರ್ಷಗಟ್ಟಲೆ ಮೈಗ್ರೇನ್ ಅನುಭವಿಸುತ್ತಿರುವ ಅರವತ್ತು ರೋಗಿಗಳಿದ್ದಾರೆ. ಹೊಸ ಇಂಜೆಕ್ಷನ್ ಬಂದಿರುವುದು ಮೂವತ್ತು ಜನಕ್ಕಾಗುವಷ್ಟು. ನೋವಿನಿಂದ ಯಾರ ದಿನಗಳು ಹೆಚ್ಚು ಹಾಳಾಗುತ್ತಿವೆಯೋ ಅವರಿಗೆ ಅದು. ಹಾಳಾಗಿದ್ದನ್ನು ಅಳೆಯುವವರು ನಾವು. ವಾರಕ್ಕೆ ಆರು ದಿನ, ಹನ್ನೆರಡು ವಾರ, ಸಂಜೆ ಐದರಿಂದ ಏಳರೊಳಗೆ ಎಲ್ಲರಿಗೂ ಫೋನ್ ಮಾಡಿ ಐದು ಪ್ರಶ್ನೆ ಕೇಳಬೇಕು. ನೋವಿತ್ತಾ, ಇದ್ದರೆ ತಲೆಯ ಯಾವ ಕಡೆ. ಕೆಲಸಕ್ಕೆ ಹೋದಿರಾ. ಹೋದರೂ ಅರ್ಧಂಬರ್ಧ ಆಯ್ತಾ. ಮನೆಕೆಲಸ ಆಯ್ತಾ. ಮನೆಯವರ ಜೊತೆ ಸ್ವಲ್ಪ ಹೊತ್ತಾದರೂ ಕೂತಿರಾ. ಒಂದೊಂದಕ್ಕೆ ಸೊನ್ನೆಯಿಂದ ಎರಡು ಅಂಕ. ಹತ್ತಕ್ಕೆ ಹತ್ತು ಬಂದರೆ ಆ ದಿನ ಪೂರ್ತಿ ಹೋಯಿತು ಅಂತ.

ರೋಗಿಯೇ ಉತ್ತರಿಸಬೇಕು, ಮನೆಯವರ ಮಾತಿಗೆ ನಾವು ಅಂಕ ಹಾಕುವ ಹಾಗಿಲ್ಲ. ಮೂರು ಸಲ ಮಾಡಿದರೂ ಸಿಗದಿದ್ದರೆ ಖಾಲಿ ಬಿಡಬೇಕು. ಹಾಳೆಯ ಕೊನೆಗೆ ಷರಾ ಅಂತ ಒಂದು ಕಾಲಂ ಇದೆ, ಬೇರೆ ಏನಾದರೂ ಗಮನಕ್ಕೆ ಬಂದರೆ ಬರೆಯಲು. ನಾನು ಷರಾ ಬರೆಯುವವಳಲ್ಲ. ಸೋಪಿನ ಕಾಲದಿಂದಲೂ ಬರೆದಿಲ್ಲ. ಅಲ್ಲಿ ಬರೆಯಲು ಹೊರಟರೆ ಜನರ ಸಂಸಾರವೆಲ್ಲ ಬಂದು ಕೂತುಕೊಳ್ಳುತ್ತದೆ. ಹರಟೆಗೆ ಈ ಪುಸ್ತಕ ಇದೆ.

ತಲೆನೋವಿನ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ತಲೆನೋವಿನ ಮನೆಯಲ್ಲೇ ಬೆಳೆದವಳು.

ಫೆಬ್ರವರಿ 5, ಬುಧವಾರ

ನನ್ನ ಪಾಲಿಗೆ ಮೂವತ್ತು ಜನ, ಉಳಿದ ಮೂವತ್ತು ಎದುರು ಮೇಜಿನವಳಿಗೆ. ಹಾಳೆಯಲ್ಲಿ ಸಂಖ್ಯೆ ಮಾತ್ರ, ಆದರೆ ಮೂರೇ ದಿನದಲ್ಲಿ ಎಲ್ಲರಿಗೂ ಒಂದೊಂದು ಹೆಸರು ಅಂಟಿಬಿಟ್ಟಿದೆ. ಎರಡನೆಯವನು ಬಸ್ ಡ್ರೈವರ್, ಏನು ಕೇಳಿದರೂ 'ಪರವಾಗಿಲ್ಲ' ಅನ್ನುತ್ತಾನೆ. ಒಂಬತ್ತನೆಯವರು ನಿವೃತ್ತ ಮೇಷ್ಟರು, ನನ್ನ ಪ್ರಶ್ನೆಗಳನ್ನೇ ತಿದ್ದುತ್ತಾರೆ. ಹದಿನೇಳನೆಯವಳು ಬೀಗದವಳು. ಅಪ್ಪನಿಂದ ಬಂದ ಅಂಗಡಿ, ಕೀ ಮಾಡಿಕೊಡುತ್ತಾಳೆ, ಮನೆ ಬಾಗಿಲು ತೆರೆಯಲಾಗದೆ ಹೊರಗೆ ನಿಂತವರು ಕರೆದರೆ ಹೋಗುತ್ತಾಳೆ. ಗಂಡ ಬಿಟ್ಟು ಹೋಗಿದ್ದಾನೆ. ಅಂಗಡಿಯ ಹಿಂದೆಯೇ ಮನೆ, ಒಂಬತ್ತು ವರ್ಷದ ಮಗಳು.

"ಕೀ ಉಜ್ಜೋ ಮಿಷನ್ ಸದ್ದು ಕೇಳಿದೀರಾ?" ಅಂದಳು. "ಹಲ್ಲೆಲ್ಲ ಜುಂ ಅನ್ನುತ್ತೆ. ತಲೆನೋವಿನವಳಿಗೆ ಹೇಳಿ ಮಾಡಿಸಿದ ಕೆಲಸ."

ನೋವು ಬಲಗಡೆ, ಕಣ್ಣಿನ ಹಿಂದೆ. ಇವತ್ತಿನ ಅಂಕ ಎರಡು. ಇಷ್ಟು ನಗುನಗುತ್ತಾ ಮಾತಾಡುವವಳಿಗೆ ಇಂಜೆಕ್ಷನ್ ಯಾಕೆ ಬೇಕೋ.

ಫೆಬ್ರವರಿ 9, ಭಾನುವಾರ

ಸಂಜೆ ಆರಕ್ಕೆ ಅಮ್ಮನ ಫೋನ್. ಎತ್ತಲಿಲ್ಲ.

ಅಮ್ಮ ಅಣ್ಣನ ಮನೆಯಲ್ಲಿದ್ದಾಳೆ, ಎರಡು ಬಸ್ ಬದಲಿಸಿದರೆ ಸಿಗುವ ದೂರ. ಪ್ರತಿ ಭಾನುವಾರ ಆರಕ್ಕೆ ಮಾಡುತ್ತಾಳೆ, ನಾನು ಎತ್ತುವುದಿಲ್ಲ. ಎತ್ತಿದರೆ ಊಟ ಆಯ್ತಾ ಅಂತ ಕೇಳುತ್ತಾಳೆ. ನಾನು ಹತ್ತು ವರ್ಷದವಳಿದ್ದಾಗ ಕೇಳಬೇಕಿತ್ತು. ಆಗ ಅವಳು ಬಾಗಿಲು ಮುಚ್ಚಿಕೊಂಡು ಕತ್ತಲೆಯಲ್ಲಿ ಮಲಗಿರುತ್ತಿದ್ದಳು. "ಅಮ್ಮನಿಗೆ ತಲೆನೋವು, ಆ ಕಡೆ ಹೋಗಬೇಡ" ಅಂತ ಅಪ್ಪ ಹೇಳುತ್ತಿದ್ದರು. ನನ್ನ ಬಾಲ್ಯ ಅಂದರೆ ಒಂದು ಮುಚ್ಚಿದ ಬಾಗಿಲು. ಶಾಲೆಯ ನಾಟಕದಲ್ಲಿ ನಾನು ಮರವಾಗಿದ್ದೆ, ಮರವನ್ನು ನೋಡಲು ಮನೆಯಿಂದ ಯಾರೂ ಬರಲಿಲ್ಲ.

ಫೆಬ್ರವರಿ 13, ಗುರುವಾರ

ಬೀಗದವಳ ಫೋನನ್ನು ಮಗಳು ಎತ್ತಿದಳು. ಪಿಸುಮಾತು.

"ಅಮ್ಮ ಮಲಗಿದಾಳೆ."

ಎಬ್ಬಿಸ್ತೀಯಾ ಅಂದೆ.

"ಎಬ್ಬಿಸಬಾರದು. ವಾಂತಿ ಆಗುತ್ತೆ."

ಮತ್ತೆರಡು ಸಲ ಮಾಡಿದೆ. ಅದೇ ಪಿಸುಮಾತು. ನಿಯಮದ ಪ್ರಕಾರ ಖಾಲಿ ಬಿಟ್ಟೆ. ಇಪ್ಪತ್ತೊಂಬತ್ತು ಜನರನ್ನು ಆರೂಮುಕ್ಕಾಲಿಗೇ ಮುಗಿಸಿ ಎದುರು ಮೇಜಿನವಳ ಹೊಟ್ಟೆ ಉರಿಸಿದೆ.

ಫೆಬ್ರವರಿ 16, ಭಾನುವಾರ

ಅಮ್ಮನ ಫೋನ್. ಎತ್ತಲಿಲ್ಲ. ಇಡೀ ವಾರದ ಬಟ್ಟೆ ಇಸ್ತ್ರಿ ಮಾಡಿದೆ.

ಫೆಬ್ರವರಿ 25, ಮಂಗಳವಾರ

ಬೀಗದವಳು ಇವತ್ತು ಹುರುಪಿನಲ್ಲಿದ್ದಳು. ಅಂಕ ಒಂದು. ಹಿಂದಿನ ಮೂರು ದಿನ ಖಾಲಿ ಇತ್ತಲ್ಲ ಅಂದೆ. "ಆ ದಿನಗಳ ಸುದ್ದಿ ಬಿಡಿ, ನಾನು ಇರಲೇ ಇಲ್ಲ" ಅಂದಳು. ಇರಲಿಲ್ಲ ಅಂದರೆ ಊರಲ್ಲಿ ಇರಲಿಲ್ಲವೇನೋ ಅಂದುಕೊಂಡೆ, ಆಮೇಲೆ ಅಮ್ಮ ಮಲಗಿದಾಳೆ ಅಂತ ಮಗಳು ಹೇಳಿದ್ದು ನೆನಪಾಯಿತು.

ಬೆಳಿಗ್ಗೆ ಒಬ್ಬ ದೊಡ್ಡ ಮನುಷ್ಯ ಬೀಗ ಒಡೆಯಲು ಕರೆಸಿಕೊಂಡಿದ್ದನಂತೆ. ಇವಳು ಹೋಗಿ ಹಿಡಿಕೆ ತಿರುಗಿಸಿದಳು, ಬಾಗಿಲು ತೆರೆದುಕೊಂಡಿತು.

"ಹತ್ತರಲ್ಲಿ ಮೂರು ಬಾಗಿಲು ಹೀಗೇ. ಬೀಗನೇ ಹಾಕಿರಲ್ಲ. ಹಾಕಿದೆ ಅಂತ ತಲೇಲಿ ಕೂತಿರುತ್ತೆ, ಒಂದು ಸಲ ತಳ್ಳಿ ನೋಡಲ್ಲ ಜನ."

ನಗು ತಡೆಯಲಾಗಲಿಲ್ಲ. ಪ್ರಶ್ನೆ ಕೇಳುವವರು ನಗಬಾರದು ಅಂತ ನಿಯಮ ಇಲ್ಲ, ನೋಡಿದೆ.

ಮಾರ್ಚ್ 7, ಶುಕ್ರವಾರ

ಸತತ ನಾಲ್ಕನೇ ದಿನ ಬೀಗದವಳ ಮಗಳೇ ಎತ್ತಿದ್ದು. ಅವಳಿಗೀಗ ನನ್ನ ಸ್ವರ ಗೊತ್ತು, ನಾನು ಕೇಳುವ ಮುಂಚೆಯೇ ವರದಿ ಒಪ್ಪಿಸುತ್ತಾಳೆ. ಕರೆಗಂಟೆಗೆ ಹತ್ತಿ ತುರುಕಿದ್ದಾಳೆ. ನಲ್ಲಿಯಿಂದ ಹನಿ ಬೀಳುವ ಸದ್ದಾಗದಂತೆ ಕೆಳಗೆ ಬಟ್ಟೆ ಹಾಸಿದ್ದಾಳೆ. ಅಂಗಡಿಗೆ 'ಹೊರಗೆ ಹೋಗಿದ್ದಾರೆ, ನಾಳೆ ಬನ್ನಿ' ಅಂತ ಬೋರ್ಡು ತೂಗುಹಾಕಿದ್ದಾಳೆ.

"ಹುಷಾರಿಲ್ಲ ಅಂತ ಯಾಕೆ ಬರೆಯಲಿಲ್ಲ?"

"ಹುಷಾರಿಲ್ಲ ಅಂತ ಬರೆದ್ರೆ ಜನ ಬೇರೆ ಅಂಗಡಿ ಹುಡುಕ್ತಾರೆ. ಹೊರಗೆ ಹೋಗಿದಾರೆ ಅಂದ್ರೆ ಕಾಯ್ತಾರೆ."

ಒಂಬತ್ತು ವರ್ಷದ ಮಗುವಿಗೆ ಇಷ್ಟು ವ್ಯವಹಾರ ಜ್ಞಾನ. ಬಾಗಿಲ ಕೆಳಗಿನ ಸಂದಿಯಿಂದ ಬೆಳಕು ಬರುತ್ತೆ, ಅಲ್ಲಿ ಟವೆಲ್ ಮಡಚಿ ಇಡು ಅಂತ ಹೇಳಿಕೊಟ್ಟೆ. ಚಿಕ್ಕವಳಿದ್ದಾಗ ನಾನೂ ಹಾಗೇ ಇಡುತ್ತಿದ್ದೆ ಅಂದೆ. ಯಾಕೆ ಹೇಳಿದೆನೋ.

ಹಾಳೆಯಲ್ಲಿ ನಾಲ್ಕು ಖಾಲಿ ಮನೆ. ದೊಡ್ಡ ಡಾಕ್ಟರು ಇವತ್ತು ನನ್ನ ಕಡತ ತಿರುವಿ ಎದುರು ಮೇಜಿನವಳಿಗೆ ತೋರಿಸಿದರು. "ನೋಡಿ, ಒಂದು ಗೀಚೂ ಇಲ್ಲ. ಹೀಗಿರಬೇಕು." ಅವಳ ಹಾಳೆಗಳಲ್ಲಿ ಷರಾ ಕಾಲಂ ತುಂಬಾ ಇರುವೆ ಸಾಲಿನ ಹಾಗೆ ಅಕ್ಷರ. ನನಗೆ ಹೆಮ್ಮೆಯಾಯಿತು ಅಂತ ಬರೆಯಲು ನಾಚಿಕೆ ಏನಿಲ್ಲ.

ಮಾರ್ಚ್ 16, ಭಾನುವಾರ

ಅಮ್ಮನ ಫೋನ್. ಎತ್ತಲಿಲ್ಲ. ತುಂಬ ಹೊತ್ತು ಬಡಿದುಕೊಂಡಿತು. ಪಕ್ಕದಲ್ಲೇ ಕೂತಿದ್ದೆ.

ಮಾರ್ಚ್ 26, ಬುಧವಾರ

ಎದುರು ಮೇಜಿನವಳು ಕೇಳಿದಳು, "ಯಾಕೆ ಈ ನಡುವೆ ಪಿಸುಪಿಸು ಅಂತೀಯ? ಗಂಟಲು ಕೆಟ್ಟಿದೆಯಾ?" ನನ್ನ ಗಂಟಲು ಸರಿಯಾಗಿಯೇ ಇದೆ. ಅವಳಿಗೆ ಕಿವಿ ಮಂದವಾಗಿರಬೇಕು.

ಬೀಗದವಳು ಮೂರು ದಿನದ ಮೇಲೆ ತಾನೇ ಎತ್ತಿದಳು. ಧ್ವನಿ ಒಗೆದು ಹಿಂಡಿದ ಹಾಗಿತ್ತು. ಆದರೂ ಅಂಕ ಮೂರೇ ಬಂತು, ಯಾಕೆಂದರೆ ಇವತ್ತು ಅಂಗಡಿ ತೆರೆದಿದ್ದಾಳೆ, ಮಗಳ ತಲೆ ಬಾಚಿದ್ದಾಳೆ, ಮೂರು ದಿನದ ಪಾತ್ರೆ ತೊಳೆದಿದ್ದಾಳೆ. "ಎದ್ದ ದಿನ ಮಲಗಿದ್ದ ದಿನದ ಕೆಲಸನೂ ಮಾಡ್ಬೇಕಲ್ಲ" ಅಂದಳು.

"ಆ ಇಂಜೆಕ್ಷನ್ ಸಿಗುತ್ತೆ ಅಲ್ವಾ? ಮಗಳಿಗೆ ಹೇಳಿಬಿಟ್ಟಿದೀನಿ. ಮೇ ತಿಂಗಳಿಂದ ನಿನಗೆ ಸೈಕಲ್ ಕಲಿಸ್ತೀನಿ, ಹಿಂದೆ ಓಡಿ ಬರ್ತೀನಿ ಅಂತ."

ಅದು ನನಗೆ ಗೊತ್ತಿರಲ್ಲ, ಲೆಕ್ಕದ ಪ್ರಕಾರ ಹೋಗುತ್ತೆ ಅಂದೆ. ನಿಜವೇ ಹೇಳಿದೆ.

ಮಾರ್ಚ್ 30, ಭಾನುವಾರ

ಅಮ್ಮನ ಫೋನ್ ಬರಲಿಲ್ಲ. ಸದ್ಯ.

ಏಪ್ರಿಲ್ 6, ಭಾನುವಾರ

ಬರಲಿಲ್ಲ. ಏಳರವರೆಗೆ ಫೋನ್ ಮುಂದಿಟ್ಟುಕೊಂಡು ಕೂತಿದ್ದೆ, ಬೇರೆ ಕೆಲಸ ಇರಲಿಲ್ಲ. ಸಿಗ್ನಲ್ ಸರಿಯಾಗೇ ಇತ್ತು. ಕೊನೆಗೂ ಅವಳಿಗೆ ಬುದ್ಧಿ ಬಂದಿರಬೇಕು.

ಏಪ್ರಿಲ್ 17, ಗುರುವಾರ

ಇವತ್ತೂ ಬೀಗದವಳ ಮಗಳು. ಅಮ್ಮ ಮಲಗಿದಾಳೆ ಅಂದಳು. ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.

"ನೀವು ಚಿಕ್ಕವರಿದ್ದಾಗ ಟವೆಲ್ ಇಟ್ಟ ಮೇಲೆ ಏನು ಮಾಡ್ತಿದ್ರಿ?"

ಬಾಗಿಲ ಹೊರಗೆ ಕೂತಿರುತ್ತಿದ್ದೆ ಅಂದೆ.

"ನಾನೂ. ಒಳಗೆ ಹೋಗಿ ಕೈ ಹಿಡ್ಕೊಂಡ್ರೆ ಪರವಾಗಿಲ್ಲ ಅಂತಾಳೆ ಅಮ್ಮ. ಆದ್ರೆ ಮಾತಾಡಬಾರದು."

ಇಬ್ಬರೂ ಫೋನ್ ಹಿಡಿದೇ ಕೂತಿದ್ದೆವು. ಐದು ನಿಮಿಷ ಹಾಗೇ ಕಳೆಯಿತು. ಆ ಐದು ನಿಮಿಷ ಯಾವ ಕಾಲಮ್ಮಿಗೂ ಸೇರುವುದಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಏನೋ ನೆನಪಾಯಿತು. ಅಮ್ಮ ಸೀಟಿ ಹೊಡೆಯುತ್ತಿದ್ದಳು. ಬಟ್ಟೆ ಒಣಗಿಹಾಕುವಾಗ, ಗಂಡಸರ ಹಾಗೆ, ಎರಡು ಬೆರಳು ಬಾಯಿಗಿಟ್ಟು. ಬೀದಿಯ ನಾಯಿಗಳೆಲ್ಲ ಓಡಿ ಬರುತ್ತಿದ್ದವು, ನಾನು ನಕ್ಕು ನಕ್ಕು ನೆಲಕ್ಕೆ ಬೀಳುತ್ತಿದ್ದೆ. ಇದು ಇಷ್ಟು ವರ್ಷ ಎಲ್ಲಿತ್ತೋ.

ಏಪ್ರಿಲ್ 26, ಶನಿವಾರ

ಕೊನೆಯ ದಿನ. ಕಡತ ಕಟ್ಟಿ ಕೊಟ್ಟೆ. ಮೇಷ್ಟರು ವಿದಾಯದಲ್ಲೂ ನನ್ನ ಒಂದು ವಾಕ್ಯ ತಿದ್ದಿದರು. ಬೀಗದವಳ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಏಪ್ರಿಲ್ 30, ಬುಧವಾರ

ಪಟ್ಟಿ ಬಂತು. ಬೀಗದವಳು ಇಲ್ಲ.

ಇಲ್ಲ ಅಂದರೆ ನಲವತ್ತೆಂಟನೆಯ ಸ್ಥಾನದಲ್ಲಿದ್ದಾಳೆ. ಬೇಕಾದ್ದು ಮೂವತ್ತರೊಳಗೆ. ಸರಾಸರಿ ಎರಡು ಪಾಯಿಂಟ್ ಮೂರು, 'ತೊಂದರೆ ಅಲ್ಪ' ಅಂತ ಅಚ್ಚಾಗಿದೆ. ಏನೋ ತಪ್ಪಾಗಿದೆ ಅಂತ ಹಾಳೆ ತೆಗೆಸಿ ಕೂತೆ. ಕೂಡಿದ್ದು ಸರಿ ಇದೆ, ಭಾಗಿಸಿದ್ದು ಸರಿ ಇದೆ. ಎಪ್ಪತ್ತೆರಡು ದಿನದಲ್ಲಿ ಮೂವತ್ತೊಂದು ಖಾಲಿ. ಖಾಲಿ ದಿನಗಳನ್ನು ಬಿಟ್ಟು ಉಳಿದ ನಲವತ್ತೊಂದರ ಸರಾಸರಿ ತೆಗೆದಿದ್ದಾರೆ.

ಆಗ ಹೊಳೆಯಿತು. ಅವಳು ಫೋನ್ ಎತ್ತುತ್ತಿದ್ದದ್ದು ಎತ್ತಲು ಆದ ದಿನ ಮಾತ್ರ. ಎತ್ತಲಾಗದ ದಿನವೇ ಪೂರ್ತಿ ಹೋದ ದಿನ. ಅದನ್ನೇ ನಾನು ಮೂರು ತಿಂಗಳು ನೀಟಾಗಿ ಖಾಲಿ ಬಿಟ್ಟುಕೊಂಡು ಬಂದೆ. ಅವಳ ಒಳ್ಳೆಯ ದಿನಗಳನ್ನೆಲ್ಲ ಆರಿಸಿ ಪೋಣಿಸಿ, ನೋಡಿ ಇವಳು ಎಷ್ಟು ಚೆನ್ನಾಗಿದ್ದಾಳೆ ಅಂತ ಕೊಟ್ಟಿದ್ದೇನೆ.

ಅಂಕಗಳ ಲೆಕ್ಕ ನೋಡಿಕೊಳ್ಳುವಾತ ಎದುರು ಮೇಜಿನವಳ ಕಡತ ತೋರಿಸಿದ. ಅವಳ ರೋಗಿಗಳಲ್ಲೂ ಖಾಲಿ ದಿನಗಳಿವೆ. ಪಕ್ಕದಲ್ಲಿ ಷರಾ: 'ಗಂಡ ಹೇಳಿದ್ದು, ಏಳಲಾಗುತ್ತಿಲ್ಲ.' 'ಮಗ ಹೇಳಿದ್ದು, ಎರಡು ದಿನದಿಂದ ಊಟ ಇಲ್ಲ.' "ಷರಾ ಇದ್ದ ಖಾಲಿ ದಿನಗಳನ್ನ ಡಾಕ್ಟರು ಒಂದೊಂದಾಗಿ ನೋಡಿ ಅಂಕ ಹಾಕಿದ್ರು" ಅಂದ. "ನಿಮ್ಮದರಲ್ಲಿ ಏನೂ ಇರಲಿಲ್ಲ. ಊರಲ್ಲಿ ಇರಲಿಲ್ಲವೇನೋ ಅಂತ ಬಿಟ್ವಿ."

ಮೇ 1, ಗುರುವಾರ

ಷರಾ ಎಲ್ಲಿದೆ ಅಂದರೆ ಇಲ್ಲಿದೆ. ಈ ಪುಸ್ತಕದಲ್ಲಿ. ಬೆಳಿಗ್ಗೆ ಪುಟ ತಿರುವಿ ಮಗಳ ಮಾತು ಇರುವ ತಾರೀಖುಗಳನ್ನೆಲ್ಲ ಒಂದು ಹಾಳೆಗೆ ಇಳಿಸಿದೆ. ಹುಡುಕುವಾಗ ಮಧ್ಯೆ ಮಧ್ಯೆ ಇನ್ನೊಂದು ಸಾಲು ಕಣ್ಣಿಗೆ ಬೀಳುತ್ತಿತ್ತು. ಅಮ್ಮನ ಫೋನ್, ಎತ್ತಲಿಲ್ಲ. ಅಮ್ಮನ ಫೋನ್, ಎತ್ತಲಿಲ್ಲ. ಪುಟ ಬೇಗ ಬೇಗ ಮಗುಚಿದೆ.

ಹಾಳೆ ಹಿಡಿದು ದೊಡ್ಡ ಡಾಕ್ಟರ ಕೋಣೆಗೆ ಹೋದೆ. ಖಾಲಿ ದಿನಗಳಿಗೆ ಒಂಬತ್ತೊಂಬತ್ತು ಅಂಕ ಹಾಕಿದರೂ ಅವಳ ಸರಾಸರಿ ಐದು ದಾಟುತ್ತೆ, ಪಟ್ಟಿಯ ಮೇಲ್ಭಾಗಕ್ಕೆ ಹೋಗುತ್ತಾಳೆ ಅಂದೆ. ಅವರು ಪೂರ್ತಿ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಮಾತು ನಂಬ್ತೀನಿ. ಆದ್ರೆ ಪಟ್ಟಿ ಮುಚ್ಚಿದ ಮೇಲೆ ತಂದಿದ್ದನ್ನ ಸೇರಿಸೋಕಾಗಲ್ಲ. ಸೇರಿಸಿದ್ರೆ ಮೂವತ್ತನೆಯವರು ಕೆಳಗಿಳೀತಾರೆ. ಅವರಿಗೆ ನಿನ್ನೆನೇ ತಿಳಿಸಿ ಆಗಿದೆ. ಏನು ಹೇಳ್ತೀರಿ ಅವರಿಗೆ?"

ಮೂವತ್ತನೆಯವರು ನನ್ನ ಮೇಷ್ಟರು. ಎಪ್ಪತ್ತೆರಡು ದಿನವೂ ತಪ್ಪದೆ ಉತ್ತರ ಕೊಟ್ಟವರು, ಎಡಗಡೆ ನೋವು, ಹಾರ್ಮೋನಿಯಂ ಮುಟ್ಟಿ ಆರು ವರ್ಷವಾಯಿತು ಅಂದವರು. ಮುಂದಿನ ಸರದಿ ಯಾವಾಗ ಅಂತ ಕೇಳಿದೆ.

"ಮುಂದಿನ ವರ್ಷ ಇರಬಹುದು. ಇಲ್ಲದೆಯೂ ಇರಬಹುದು."

ನನ್ನ ಕಡತದಲ್ಲಿ ಒಂದು ಗೀಚೂ ಇರಲಿಲ್ಲ.

ಮೇ 3, ಶನಿವಾರ

ರೋಗಿಗಳಿಗೆ ಪತ್ರ ಹೋಗುತ್ತದೆ, ನಾವು ಮಾತಾಡಬೇಕಾಗಿಲ್ಲ. ಆದರೂ ಬೀಗದವಳಿಗೆ ನಾನೇ ಫೋನ್ ಮಾಡಿದೆ. ತಾನೇ ಎತ್ತಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಬೈಯಲಿ ಅಂತ ಕಾದೆ.

"ಅಲ್ಪ ತೊಂದರೆನಾ?" ಅಂದಳು ಕೊನೆಗೆ. "ಸರಿ ಬಿಡಿ. ಆಸ್ಪತ್ರೆಯವರ ಕಾಗದದಲ್ಲಾದ್ರೂ ನಾನು ಚೆನ್ನಾಗಿದೀನಿ." ನಗಲು ನೋಡಿದಳು, ಆಗಲಿಲ್ಲ. "ಸೈಕಲ್ ತಂದುಬಿಟ್ಟಿದೀನಿ. ಅದೊಂದೇ ತಲೆಬಿಸಿ."

ಅಲ್ಲೇ ಇದ್ದ ಮಗಳು ಫೋನ್ ಕಿತ್ತುಕೊಂಡಳು. ಅಮ್ಮ ಎದ್ದ ದಿನವೂ ಅವಳದು ಪಿಸುಮಾತೇ.

"ನಾನು ಅಮ್ಮನ್ನ ಎಬ್ಬಿಸಬೇಕಿತ್ತಾ? ಎಬ್ಬಿಸಿದ್ರೆ ಸಿಗ್ತಿತ್ತಾ?"

ಇಲ್ಲ ಅಂದೆ. ನೀನು ಮಾಡಿದ್ದೇ ಸರಿ ಅಂದೆ. "ನೀನು ಪ್ರತಿ ದಿನ ಸರಿಯಾಗಿ ಹೇಳಿದೆ. ನಾನು ಬರ್ಕೊಳ್ಳಲಿಲ್ಲ."

"ಈಗ ಬರ್ಕೊಳ್ಳಿ" ಅಂದಳು.

ಬರೆದುಕೊಂಡಿದ್ದೇನೆ.

ಮೇ 4, ಭಾನುವಾರ

ಆರು ಗಂಟೆಗೆ ಕಾಯಲಿಲ್ಲ. ಮಧ್ಯಾಹ್ನವೇ ನಾನೇ ಮಾಡಿದೆ. ಅತ್ತಿಗೆ ಎತ್ತಿದಳು, ಪಿಸುಗುಟ್ಟಿದಳು.

"ಅತ್ತೆ ಮಲಗಿದಾರೆ. ಒಂದೂವರೆ ತಿಂಗಳಿಂದ ಹೀಗೇ, ವಾರಕ್ಕೆ ನಾಲ್ಕು ದಿನ ಏಳಲ್ಲ. ವಯಸ್ಸಾದ ಮೇಲೆ ಕಡಿಮೆ ಆಗುತ್ತೆ ಅಂದಿದ್ರು, ಇವರಿಗೆ ಇಲ್ಲ. ನಿನಗೆ ತಿಳಿಸ್ತೀನಿ ಅಂದ್ರೆ ಬೇಡ ಅಂತಾರೆ."

ಬರದೇ ಇದ್ದ ಫೋನುಗಳಿಗೆ ನಾನು 'ಸದ್ಯ' ಅಂತ ಬರೆದಿದ್ದೆ. ಬುದ್ಧಿ ಬಂದಿರಬೇಕು ಅಂತಲೂ ಬರೆದಿದ್ದೆ. ಹಿಂದಿನ ಪುಟಗಳಲ್ಲೇ ಇದೆ, ಹೊಡೆದುಹಾಕುವುದಿಲ್ಲ.

ಎರಡು ಬಸ್ ಬದಲಿಸಿ ಹೋದೆ. ಅತ್ತಿಗೆ ಬಾಗಿಲು ತೆರೆದು ಒಳಗಿನ ಕೋಣೆಯ ಕಡೆ ಕೈ ತೋರಿಸಿದಳು. ಮುಚ್ಚಿದ ಬಾಗಿಲು, ಕೆಳಗೆ ಸಂದಿಯಲ್ಲಿ ಮಡಚಿದ ಟವೆಲ್. ಕಾಲು ತಾನಾಗಿ ಅಲ್ಲೇ ನಿಂತಿತು. ನಲವತ್ತಮೂರು ವರ್ಷದ ಹೆಂಗಸು, ಗೋಡೆಗೆ ಒರಗಿ ನೆಲದ ಮೇಲೆ ಕೂತೆ.

ಎಷ್ಟು ಹೊತ್ತಾಯಿತೋ, ಒಳಗಿನಿಂದ ಧ್ವನಿ ಬಂತು.

"ಯಾರದು, ಉಸಿರಾಡ್ತಿರೋದು?"

"ನಾನಮ್ಮ."

"ಅಂದ್ಕೊಂಡೆ. ಚಿಕ್ಕೋಳಿದ್ದಾಗಲೂ ಹೀಗೇ ಕೂತಿರ್ತಿದ್ದೆ." ಒಂದೊಂದು ಮಾತಿಗೂ ಅವಳಿಗೆ ಎಷ್ಟು ಕಷ್ಟ ಅಂತ ಈಗ ಗೊತ್ತಾಗುತ್ತದೆ. "ಈಗ ಬರ್ತಾಳೆ, ಈಗ ಬರ್ತಾಳೆ ಅಂತ ಕಾಯ್ತಿದ್ದೆ. ಕರೆಯೋಕೆ ಬಾಯಿ ತೆರೆದ್ರೆ ವಾಂತಿ ಬರೋದು."

"ಬಾಗಿಲು ಹಾಕಿತ್ತಲ್ಲಮ್ಮ."

"ಬೆಳಕಿಗೆ ಮುಚ್ಚಿದ್ದು ಕಣೇ. ಚಿಲಕ ಯಾವತ್ತೂ ಹಾಕಿರಲಿಲ್ಲ."

ಎದ್ದು ತಳ್ಳಿದೆ. ತೆರೆದುಕೊಂಡಿತು.

ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ನಿಂತು, ಮಂಚದ ಅಂಚಿನಲ್ಲಿ ಕೂತೆ. ಏನೂ ಕೇಳಲಿಲ್ಲ. ಮೂವತ್ತು ಜನರ ನೋವು ತಲೆಯ ಯಾವ ಕಡೆ ಅಂತ ನನಗೆ ಬಾಯಿಪಾಠ ಇದೆ. ಬೀಗದವಳದು ಬಲಗಡೆ, ಮೇಷ್ಟರದು ಎಡಗಡೆ, ಡ್ರೈವರನದು ನಡುನೆತ್ತಿ. ಅಮ್ಮ ಕತ್ತಲೆಯಲ್ಲಿ ನನ್ನ ಕೈ ತಡಕಿ ಹಿಡಿದು, ನಿಧಾನವಾಗಿ ಎಳೆದುಕೊಂಡು, ತನ್ನ ಹಣೆಯ ಎಡಗಡೆ, ಹುಬ್ಬಿನ ಮೇಲೆ ಇಟ್ಟುಕೊಂಡಳು.

ಎಡಗಡೆ. ನನಗೆ ಗೊತ್ತಿರಲಿಲ್ಲ.